ಕೆಳಗಿನ ಖಾನೆಯ ಕತ್ತರಿ

ಟಪಾಲಣ್ಣ ತೀರಿಕೊಂಡ ಇಪ್ಪತ್ತೆರಡನೆಯ ದಿನಕ್ಕೆ ಊರಿನಲ್ಲಿ ನುಡಿನಮನ ಸಮಿತಿ ಹುಟ್ಟಿತು. ಬದುಕಿದ್ದಾಗ ಅವನ ಅರ್ಜಿಗೆ ಐದನೆಯ ಸಹಿ ಬೇಕೆಂದರೆ ಪೆನ್ನಿನಲ್ಲಿ ಇಂಕಿಲ್ಲ ಎನ್ನುತ್ತಿದ್ದ ಜನರ ಪೈಕಿಯೇ ಹದಿನಾಲ್ಕು ಮಂದಿ ಈಗ ಪದಾಧಿಕಾರಿಗಳಾದರು. ಅಧ್ಯಕ್ಷಗಿರಿ ಔಷಧಿ ಅಂಗಡಿಯ ಯಜಮಾನರ ಪಾಲಿಗೆ ಬಂತು. ಅವರ ದನಿ ಮೈಕಿಲ್ಲದೆಯೂ ಹಿಂದಿನ ಸಾಲಿಗೆ ಮುಟ್ಟುತ್ತಿತ್ತು ಎನ್ನುವುದನ್ನು ಬಿಟ್ಟರೆ ಬೇರೆ ಕಾರಣ ಯಾರಿಗೂ ಹೊಳೆಯಲಿಲ್ಲ.

ಟಪಾಲಣ್ಣ ಎಂದರೆ ಮೂವತ್ತಮೂರು ವರ್ಷ ಕಾಗದ ಹಂಚಿದ ಪೋಸ್ಟ್‌ಮ್ಯಾನ್. ಆ ಊರನ್ನು ಒಂದು ಕಾಲುವೆ ಎರಡಾಗಿ ಸೀಳಿತ್ತು. ಈಚೆ ದಂಡೆಯವರು ಆಚೆ ದಂಡೆಯವರಿಂದ ಚರಂಡಿ ತೆಗೆಸುತ್ತಿದ್ದರು, ಮೂಟೆ ಹೊರಿಸುತ್ತಿದ್ದರು, ಆದರೆ ಅವರು ಕುಡಿದ ಲೋಟವನ್ನು ಕೈಯಿಂದ ಮುಟ್ಟುತ್ತಿರಲಿಲ್ಲ. ಎರಡೂ ದಂಡೆಯ ಬಾಗಿಲುಗಳನ್ನು ದಿನಾ ತಟ್ಟುತ್ತಿದ್ದವನು ಟಪಾಲಣ್ಣ ಒಬ್ಬನೇ. ತಟ್ಟಿ ತಟ್ಟಿ ಅವನಿಗೆ ತಲೆಕೆಟ್ಟಿತು ಎಂದು ಈಚೆಯವರು ಹೇಳುತ್ತಿದ್ದರು. ಹೇಳುವುದಕ್ಕೆ ಕಾರಣವೂ ಇತ್ತು. ಸಾರ್ವಜನಿಕ ನಲ್ಲಿಯ ಮುಂದೆ ಆಚೆಯ ಹೆಂಗಸರ ಕೊಡದ ಜೊತೆ ತನ್ನದೊಂದು ಕೊಡ ಇಟ್ಟು ನಿಲ್ಲುತ್ತಿದ್ದ. ಶಾಲೆಯಲ್ಲಿ ಆಚೆಯ ಮಕ್ಕಳನ್ನು ಹಿಂದಿನ ಬೆಂಚಿಗೆ ಹಾಕುತ್ತಾರೆಂದು ತಾನೇ ಹೋಗಿ ಹಿಂದಿನ ಬೆಂಚಿನಲ್ಲಿ ಮಂಡಿ ಮಡಚಿ ಕೂತ. ಬಿಡುವಿದ್ದ ದಿನ ಆಸ್ಪತ್ರೆಯ ವರಾಂಡದಲ್ಲಿ ಓದು ಬಾರದವರ ಚೀಟಿ ಬರೆದುಕೊಡುತ್ತಿದ್ದ. ರಕ್ತ ಕೊಟ್ಟೂ ಕೊಟ್ಟೂ ಕೊನೆಗೆ ಡಾಕ್ಟರೇ, "ನಿನಗೇ ಕೊಡಿಸಬೇಕಾಗುತ್ತೆ, ಎದ್ದು ಹೋಗಯ್ಯ" ಎಂದು ಗದರಿದ್ದರು.

ಈ ಕತೆ ಮಾತ್ರ ಅವನದಲ್ಲ, ಅವನಿಗೆ ಕ್ಷೌರ ಮಾಡುತ್ತಿದ್ದವನದು.

ಬುಧವಾರ ಬೆಳಿಗ್ಗೆ ಕ್ಷೌರಿಕ ಒಬ್ಬ ಗಿರಾಕಿಯ ಎಡಗೆನ್ನೆ ಮುಗಿಸಿ ಬಲಗೆನ್ನೆಗೆ ತಿರುಗುತ್ತಿದ್ದಾಗ ಶಾಲೆಯ ಟೀಚರ್ ಒಳಗೆ ಬಂದಳು. ಕಾಲುವೆಯಾಚೆಯ ಸೈಕಲ್ ಮೆಕ್ಯಾನಿಕ್‌ನ ಮಗಳು. ವಯಸ್ಸು ಇಪ್ಪತ್ತಾರು, ಕೈಯಲ್ಲಿ ಒಂದು ಪಟ್ಟಿ, ಕಿವಿಯ ಹಿಂದೆ ಪೆನ್ನು. ಸಮಿತಿಯ ಹದಿನಾಲ್ಕು ಜನರ ಕೆಲಸವನ್ನು ಮಾಡುತ್ತಿದ್ದ ಹದಿನೈದನೆಯವಳು.

"ಮಾಮ, ಒಂದು ಕತ್ತರಿ ಬೇಕಿತ್ತು."

"ಮಕ್ಕಳಿಗಾ? ಇದರಲ್ಲಿ ಕಾಗದ ಕತ್ತರಿಸಿದ್ರೆ ಹರಿತ ಹೋಗುತ್ತಮ್ಮ."

"ಕಾಗದಕ್ಕಲ್ಲ. ಆ ಕತ್ತರಿ. ನಮ್ಮಪ್ಪನಿಗೆ ಮೊದಲನೇ ಸಲ ಕಟಿಂಗ್ ಮಾಡಿದ್ರಲ್ಲ, ಅದು."

ಕ್ಷೌರಿಕನ ಕೈ ಗಾಳಿಯಲ್ಲೇ ನಿಂತಿತು. ಟೀಚರ್ ಉತ್ಸಾಹದಿಂದ ವಿವರಿಸಿದಳು. ಭಾನುವಾರ ಶಾಲೆಯ ಸಭಾಂಗಣದಲ್ಲಿ ಕಾರ್ಯಕ್ರಮ. ಪಕ್ಕದಲ್ಲೇ ಟಪಾಲಣ್ಣನ ವಸ್ತುಗಳ ಪ್ರದರ್ಶನ. ಅವನ ಖಾಕಿ ಚೀಲ ಬಂದಿದೆ, ಸೈಕಲ್ಲಿನ ಗಂಟೆ ಬಂದಿದೆ, ಅರ್ಜಿಗಳ ಮೂರು ಕಟ್ಟು ಬಂದಿವೆ. ಎಲ್ಲದರ ನಡುವೆ ಇಡಬೇಕಾದದ್ದು ಈ ಕತ್ತರಿ.

"ಅಪ್ಪ ನಾನು ಚಿಕ್ಕವಳಿದ್ದಾಗಿಂದ ಹೇಳ್ತಾ ಬಂದಿದ್ದಾರೆ ಮಾಮ. ಅಂಗಡಿ ತುಂಬ ಜನ, ಎಲ್ಲರ ಎದುರಿಗೆ ನೀವೇ ಕೈ ಹಿಡಿದು ಕುರ್ಚಿ ಮೇಲೆ ಕೂರಿಸಿದ್ರಂತೆ. ಎಷ್ಟು ಸಲ ಕೇಳಿದ್ರೂ ಅದನ್ನೇ ಇನ್ನೊಂದ್ಸಲ ಹೇಳಿ ಅಂತ ಹಟ ಮಾಡ್ತಿದ್ದೆ."

"ದೊಡ್ಡ ಮನಸ್ಸು ನಮ್ಮ ಮೇಷ್ಟ್ರದು" ಎಂದ ಗಿರಾಕಿ, ಅರ್ಧ ಮುಖದ ನೊರೆಯೊಳಗಿಂದ. ಅಂಗಡಿಯಲ್ಲಿ ಕ್ಷೌರಿಕನಿಗೆ ಮೇಷ್ಟ್ರೇ ಅನ್ನುವ ಮರ್ಯಾದೆ ಬಂದದ್ದೂ ಆ ಕತೆಯಿಂದಲೇ.

"ಹುಡುಕ್ತೀನಮ್ಮ" ಎಂದ ಕ್ಷೌರಿಕ. ಹುಡುಕುವುದಕ್ಕೇನೂ ಇರಲಿಲ್ಲ. ಕತ್ತರಿ ಅವನ ಮೊಣಕಾಲಿನಿಂದ ಒಂದು ಗೇಣು ದೂರದಲ್ಲಿ, ಕನ್ನಡಿಯ ಕೆಳಗಿನ ಮೇಜಿನ ಮೂರನೆಯ, ಎಲ್ಲಕ್ಕಿಂತ ಕೊನೆಯ ಖಾನೆಯಲ್ಲಿ, ಹಿಡಿಯ ಬಳೆಗೆ ಕೆಂಪು ದಾರ ಸುತ್ತಿಸಿಕೊಂಡು ಮಲಗಿತ್ತು.

ನಡೆದದ್ದು ಮೂವತ್ತೊಂದು ವರ್ಷದ ಹಿಂದೆ. ಆಗ ಕಾಲುವೆಯಾಚೆಯವರಿಗೆ ಈಚೆಯ ಯಾವ ಕಟಿಂಗ್ ಶಾಪಿನಲ್ಲೂ ಕುರ್ಚಿ ಇರಲಿಲ್ಲ. ಯಾರೂ ಬೋರ್ಡು ಬರೆದು ಹಾಕಿರಲಿಲ್ಲ. ಬರೆಯುವ ಅಗತ್ಯವೇ ಇಲ್ಲದಷ್ಟು ಎಲ್ಲರಿಗೂ ಗೊತ್ತಿತ್ತು. ಒಂದು ಸೋಮವಾರ ಟಪಾಲಣ್ಣ ಅಂಗಡಿಯ ಬೆಂಚಿನ ಮೇಲೆ ಬಂದು ಕೂತ. ಅವನ ಹಿಂದೆ ಬಾಗಿಲಿನ ಹೊರಗೆ, ಕೈಯಲ್ಲಿನ ಗ್ರೀಸು ತೊಳೆದು ತಲೆ ಬಾಚಿಕೊಂಡು ಬಂದಿದ್ದ ಇಪ್ಪತ್ತರ ಮೆಕ್ಯಾನಿಕ್. ಸರದಿ ಬಂದಾಗ ಟಪಾಲಣ್ಣ ಏಳಲಿಲ್ಲ.

"ನನ್ನ ಪಾಳಿ ಅವನಿಗೆ ಕೊಟ್ಟಿದ್ದೀನಿ" ಎಂದ, ಹೊರಗೆ ತೋರಿಸಿ.

"ಮುಂದಿನವರು ಬನ್ನಿ" ಎಂದ ಕ್ಷೌರಿಕ.

ಮರುದಿನವೂ ಅದೇ. ಕಾಗದ ಹಂಚಿ ಮುಗಿಸಿ ಟಪಾಲಣ್ಣ ಬರುವುದು, ಬೆಂಚಿನಲ್ಲಿ ಕೂರುವುದು, ಪಾಳಿ ಕೊಡುವುದು, ಮುಂದಿನವರು ಬರುವುದು. ಹತ್ತೊಂಬತ್ತು ದಿನ. ತಾನೂ ಕೂದಲು ತೆಗೆಸಲಿಲ್ಲ. ತಲೆ ಪೊದೆಯಾಯಿತು, ಟೋಪಿ ತಲೆಯ ಮೇಲೆ ನಿಲ್ಲದೆ ಪಕ್ಕಕ್ಕೆ ಜಾರತೊಡಗಿತು, ಪೋಸ್ಟ್‌ಮಾಸ್ತರರು ಇಲಾಖೆಯ ಮಾನದ ಬಗ್ಗೆ ಮೆಮೊ ಕೊಟ್ಟರು. ಬೆಂಚಿನಲ್ಲಿ ಕೂತ ಗಿರಾಕಿಗಳಿಗೆ ಮೊದಲು ಸಿಟ್ಟು, ಆಮೇಲೆ ತಮಾಷೆ. ಇವತ್ತು ಯಾರು ಗೆಲ್ಲುತ್ತಾರೆ ನೋಡೋಣ ಎಂದು ಕೂದಲು ಬೆಳೆಯದವರೂ ಬರತೊಡಗಿದರು. ಔಷಧಿ ಅಂಗಡಿಯ ಯಜಮಾನರು ಆಗ ಯಜಮಾನರ ಮಗ, ಕ್ಷೌರಿಕನ ಕಿವಿಯ ಹತ್ತಿರ ಬಗ್ಗಿ, "ಅವನ ತಲೆಗೆ ಹಾಕಿದ ಕತ್ತರಿ ನನ್ನ ತಲೆಗೆ ತರ್ತೀಯಾ? ಹಾಗಾದ್ರೆ ನಾನು ಬೇರೆ ಕಡೆ ನೋಡ್ಕೊಳ್ತೀನಿ" ಎಂದಿದ್ದರು.

ಇಪ್ಪತ್ತನೆಯ ದಿನ ಕ್ಷೌರಿಕ ಸೋತ. ಧರ್ಮಬುದ್ಧಿ ಉಕ್ಕಿ ಬಂದು ಸೋತದ್ದಲ್ಲ. ಎಲ್ಲರ ಬಾಯಲ್ಲೂ ಹಾಸ್ಯದ ವಸ್ತುವಾಗಿ ಸಾಕಾಗಿತ್ತು. "ಹೂಂ, ಬಾ" ಎಂದ. ಕೈ ಹಿಡಿದು ಕರೆಯಲಿಲ್ಲ, ಮುಖವನ್ನೂ ನೋಡಲಿಲ್ಲ. ಮೇಲಿನ ಖಾನೆಯ ಕತ್ತರಿಯನ್ನು ಬಿಟ್ಟು, ಅಪ್ಪನ ಕಾಲದ ಮೊಂಡು ಕತ್ತರಿಯೊಂದನ್ನು ಕೆಳಗಿನ ಖಾನೆಯಿಂದ ತೆಗೆದ. ಹಿಂದಿನ ರಾತ್ರಿಯೇ ಅದಕ್ಕೆ ಕೆಂಪು ದಾರ ಕಟ್ಟಿಟ್ಟಿದ್ದ, ಅಪ್ಪಿತಪ್ಪಿ ಬೆರೆಯಬಾರದೆಂದು. ಟವೆಲ್ಲೂ ಬೇರೆ, ಬಾಚಣಿಗೆಯೂ ಬೇರೆ.

ಅಂದು ಸಂಜೆಯೇ ಟಪಾಲಣ್ಣ ಸುದ್ದಿಯನ್ನು ಟಪಾಲಿನ ಜೊತೆ ಮನೆಮನೆಗೂ ಹಂಚಿದ. "ನಮ್ಮ ಕ್ಷೌರಿಕನೇ ಕರೆದು ಕೂರಿಸಿದ ಕಣ್ರೀ. ಎಂಥಾ ಮನುಷ್ಯ!" ಹೊಗಳಿಸಿಕೊಂಡವನು ಹಿಂದಕ್ಕೆ ಹೆಜ್ಜೆ ಇಡುವುದು ಕಷ್ಟ ಎಂಬ ಲೆಕ್ಕ ಅವನದಿರಬೇಕು. ಲೆಕ್ಕ ತಪ್ಪಲಿಲ್ಲ. ಪತ್ರಿಕೆಯಲ್ಲಿ ನಾಲ್ಕು ಸಾಲು ಬಂತು, ಕ್ಷೌರಿಕ ಅದಕ್ಕೆ ಗಾಜು ಹಾಕಿಸಿದ. ಯಜಮಾನರ ಮಗನಿಗೆ ಕೆಳಗಿನ ಖಾನೆಯನ್ನು ಕಣ್ಣಲ್ಲೇ ತೋರಿಸಿದ. ಅವರು ಬೇರೆ ಕಡೆ ನೋಡಿಕೊಳ್ಳಲಿಲ್ಲ. ಮೆಕ್ಯಾನಿಕ್‌ನ ಹಿಂದೆ ಆಚೆಯ ಇನ್ನಷ್ಟು ಜನ ಬಂದರು. ಹೀಗೆ ಎರಡೂ ಕಡೆಯವರಿಗೆ ಬೇಕಾದವನಾಗಿ, ಹನ್ನೊಂದು ವರ್ಷ ಆ ಖಾನೆ ನಡೆಯಿತು.

ಟಪಾಲಣ್ಣನ ಕಣ್ಣು ಮಾತ್ರ ಮೋಸ ಹೋಗುವ ಕಣ್ಣಲ್ಲ. ಎರಡನೆಯ ತಿಂಗಳು ಬೆಂಚಿನಲ್ಲಿ ಪೇಪರು ಓದುತ್ತ ಕೂತಿದ್ದವನು ಪೇಪರಿನ ಮೇಲಿಂದ ನೋಡಿದ. ಯಾರಿಗೆ ಯಾವ ಖಾನೆ ಎಂದು ಗೊತ್ತಾಯಿತು. ತನ್ನ ಸರದಿ ಬಂದಾಗ ಕುರ್ಚಿಯಲ್ಲಿ ಕೂತು, ಕನ್ನಡಿಯಲ್ಲಿ ಕ್ಷೌರಿಕನ ಕಣ್ಣನ್ನು ಹಿಡಿದುಕೊಂಡು, "ಕೆಳಗಿನ ಖಾನೆದು ತೆಗಿ" ಎಂದ.

ಆಮೇಲೆ ಪ್ರತಿ ತಿಂಗಳೂ ಅದೇ ಮಾತು, ಅಷ್ಟೇ ಮಾತು. ಮೊಂಡು ಕತ್ತರಿ ಕೂದಲನ್ನು ಕತ್ತರಿಸುವುದಕ್ಕಿಂತ ಕೀಳುವುದೇ ಹೆಚ್ಚು. ಟಪಾಲಣ್ಣನ ಕಣ್ಣಂಚಿನಲ್ಲಿ ನೀರು ಬರುತ್ತಿತ್ತು, ಅವನು ಹವೆಯ ಬಗ್ಗೆ ಮಾತಾಡುತ್ತಿದ್ದ. ಆ ಕತ್ತರಿಯನ್ನು ಸಾಣೆಗೆ ಕೊಡಬಹುದಿತ್ತು ಎನ್ನುವುದು ಹನ್ನೊಂದು ವರ್ಷದಲ್ಲಿ ಒಂದು ದಿನವೂ ಕ್ಷೌರಿಕನಿಗೆ ಹೊಳೆಯಲಿಲ್ಲ. ಹೊಳೆದಿದ್ದರೂ ಹೊಳೆಯದಂತೆ ನೋಡಿಕೊಂಡ.

ಕೊನೆಗೆ ಅದು ನಿಂತದ್ದಾದರೂ ಹೇಗೆ? ಕರೆಂಟಿನ ಕಟಿಂಗ್ ಮಷೀನ್ ಬಂತು. ದುಬಾರಿ ವಸ್ತು, ಎರಡು ಕೊಳ್ಳಲಾಗಲಿಲ್ಲ. ಒಂದೇ ಮಷೀನ್ ಎಲ್ಲರ ತಲೆಯ ಮೇಲೂ ಓಡಿತು. ಸಮಾನತೆ ಆ ಅಂಗಡಿಗೆ ಪ್ಲಗ್ಗಿನ ಮೂಲಕ ಬಂತು.

ಅಂಗಡಿಯ ಹಿಂದೆಯೇ ಮನೆ. ಆ ಬುಧವಾರ ಮಧ್ಯಾಹ್ನ ಊಟಕ್ಕೆ ಕೂತ ಕ್ಷೌರಿಕ ತಟ್ಟೆಯಲ್ಲಿ ಬೆರಳಾಡಿಸುತ್ತಿದ್ದುದನ್ನು ಹೆಂಡತಿ ನೋಡಿದಳು.

"ಟೀಚರಮ್ಮ ಬಂದಿದ್ಲಲ್ಲ. ಏನಂತೆ?"

"ಕತ್ತರಿ ಬೇಕಂತೆ. ಆ ಕತ್ತರಿ."

ಅವಳು ನೀರಿನ ಚೊಂಬನ್ನು ಕೆಳಗಿಟ್ಟಳು. "ದಾರದ್ದಾ?"

"ಅವಳಿಗೆ ದಾರ ಗೊತ್ತಿಲ್ಲ ಕಣೇ."

"ನನಗೆ ಗೊತ್ತಲ್ಲ! ಹನ್ನೊಂದು ವರ್ಷ ಎರಡು ಬಕೆಟ್‌ನಲ್ಲಿ ಟವೆಲ್ ಒಗೆದವಳು ನಾನು. ಬಿಳಿ ಬಕೆಟ್ ಊರಿನವರಿಗೆ, ನೀಲಿ ಬಕೆಟ್ ಕಾಲುವೆಯವರಿಗೆ. ನೀವು ಪೇಪರ್‌ನಲ್ಲಿ ಬಂದ್ರಿ, ನಾನು ಬಕೆಟ್ ಮುಂದೆ ಕೂತೆ."

"ಆಗ ನೀನೇನಾದ್ರೂ ಹೇಳಬಹುದಿತ್ತು."

"ಹೇಳಿದ್ರೆ ಕೇಳೋರು ನೀವು! ಸುಮ್ಮನಿರಿ, ಅದನ್ನ ನನ್ನ ಮೇಲೆ ಹಾಕಬೇಡಿ." ಚೊಂಬಿನಿಂದ ಅವನ ಲೋಟಕ್ಕೆ ನೀರು ಬಗ್ಗಿಸುತ್ತ ದನಿ ಇಳಿಸಿದಳು. "ಯಾವುದಾದ್ರೂ ಒಂದು ಹಳೇದು ಕೊಟ್ಟು ಕಳಿಸಿ. ಕತ್ತರಿ ಎದ್ದು ನಿಂತು ಸಾಕ್ಷಿ ಹೇಳುತ್ತಾ?"

ಕ್ಷೌರಿಕನಿಗೆ ಬೇಕಿದ್ದದ್ದೂ ಇಂಥದೇ ಒಂದು ಮಾತು. ಮೇಲಿನ ಖಾನೆಯಲ್ಲಿ ನಿವೃತ್ತಿಯಾಗಿ ಮಲಗಿದ್ದ ಒಳ್ಳೆಯ ಉಕ್ಕಿನ ಕತ್ತರಿಯನ್ನು ಎಣ್ಣೆ ಹಾಕಿ ಒರೆಸಿದ, ಕಾಗದದಲ್ಲಿ ಸುತ್ತಿದ, ಗುರುವಾರ ಶಾಲೆಗೆ ಹೋಗಿ ತಾನೇ ಕೊಟ್ಟು ಬಂದ. ಟೀಚರ್ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. "ಇನ್ನೂ ಎಷ್ಟು ಹರಿತ ಇದೆ ಮಾಮ!" ಎಂದಳು. ಅವನು ದಾರಿಯುದ್ದಕ್ಕೂ ಆ ಮಾತನ್ನು ಚಪ್ಪಲಿಯೊಳಗಿನ ಕಲ್ಲಿನಂತೆ ತುಳಿಯುತ್ತ ಬಂದ.

ಭಾನುವಾರ ಸಭಾಂಗಣ ತುಂಬಿತ್ತು. ಕ್ಷೌರಿಕನಿಗೆ ವೇದಿಕೆಯ ಮೇಲೆ ಕುರ್ಚಿ. ಎದುರಿಗೆ ಎರಡನೆಯ ಸಾಲಿನಲ್ಲಿ ಮೆಕ್ಯಾನಿಕ್, ಐವತ್ತೊಂದರ ತಲೆಗೆ ಎಣ್ಣೆ ಹಚ್ಚಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು. ವೇದಿಕೆಯ ಪಕ್ಕದ ಮೇಜುಗಳ ಮೇಲೆ ಚೀಲ, ಗಂಟೆ, ಅರ್ಜಿಗಳು. ನಡುವೆ ಬಿಳಿ ಬಟ್ಟೆಯ ಮೇಲೆ ಕತ್ತರಿ, ಅದರ ಮುಂದೆ ಟೀಚರಮ್ಮನ ದುಂಡನೆಯ ಅಕ್ಷರದ ಚೀಟಿ: "ಈ ಕತ್ತರಿ ತಲೆಗಳಲ್ಲಿ ಭೇದ ಮಾಡಲಿಲ್ಲ."

ಅಧ್ಯಕ್ಷರು ಮಾತಾಡಿದರು. ಮಹಾತ್ಮರು ಸಾಯುವುದಿಲ್ಲ ಎಂದರು. ಹಾಗಾದರೆ ಈ ಸಭೆ ಯಾಕೆ ಎಂದು ಹಿಂದಿನ ಸಾಲಿನಲ್ಲಿ ಯಾರೋ ಗೊಣಗಿದರು. "ಅಂದಿನ ಆ ಕಷ್ಟದ ದಿನಗಳಲ್ಲಿ ನಾವೆಲ್ಲ ಅವನ ಬೆನ್ನಿಗೆ ನಿಂತಿದ್ದೆವು" ಎಂದರು. ಕ್ಷೌರಿಕ ಅವರ ಬೋಳು ನೆತ್ತಿಯನ್ನು ನೋಡಿದ. ಅದರ ಮೇಲೆ ಕೂದಲಿದ್ದ ಕಾಲ ಅವನಿಗೆ ಚೆನ್ನಾಗಿ ನೆನಪಿತ್ತು. ಬೆನ್ನಿಗೆ ನಿಂತಿದ್ದವರು ಇವರಾ ಎಂದು ಒಳಗೊಳಗೇ ಹಲ್ಲು ಕಡಿದ. ಆ ಸಿಟ್ಟಿನಲ್ಲಿ ಒಂದು ನಿಮಿಷ ಹಾಯಾಗಿಯೂ ಇದ್ದ.

ಆಮೇಲೆ ಪರದೆ ಸರಿಸಿದರು. ಟಪಾಲಣ್ಣನ ಫೋಟೊ, ಆಳೆತ್ತರ. ಯಾವುದೋ ಹಳೆಯ ಗುಂಪು ಚಿತ್ರದಿಂದ ತಲೆಯೊಂದನ್ನೇ ಕತ್ತರಿಸಿ ದೊಡ್ಡದು ಮಾಡಿದ್ದರು. ಸಭೆ ನಿಟ್ಟುಸಿರು ಬಿಟ್ಟಿತು. ಎಲ್ಲರೂ ನಗುವನ್ನು ನೋಡಿದರು. ಕ್ಷೌರಿಕ ಮಾತ್ರ ಕಿವಿಯ ಮೇಲ್ಭಾಗವನ್ನು ನೋಡಿದ. ಅಲ್ಲಿ ಕೂದಲು ಇಲಿ ಕಡಿದ ಹಾಗೆ ಮೆಟ್ಟಿಲು ಮೆಟ್ಟಿಲಾಗಿತ್ತು. ಒಂದು ಕಡೆ ಜುಟ್ಟಿನಂತೆ ಬಿಟ್ಟುಹೋದ ಎಳೆಗಳು, ಪಕ್ಕದಲ್ಲೇ ಚರ್ಮ ಕಾಣುವ ಬೋಳು. ಅದು ಅವನ ಕೈಕೆಲಸ. ಕಲಿಯುವ ಹುಡುಗನೊಬ್ಬ ಹಾಗೆ ಕತ್ತರಿಸಿದ್ದರೆ ಅವನೇ ಕಿವಿ ಹಿಂಡಿ ಹೊರಗೆ ಕಳಿಸುತ್ತಿದ್ದ. ಈಗ ಅದು ಆರಡಿ ಎತ್ತರಕ್ಕೆ ನಿಂತು ಊರಿಗೆಲ್ಲ ನಗುತ್ತಿತ್ತು.

"ಈಗ ನಮ್ಮ ಮೇಷ್ಟ್ರು ಎರಡು ಮಾತು ಹೇಳ್ತಾರೆ" ಎಂದರು ಅಧ್ಯಕ್ಷರು.

ಅವನು ಎದ್ದು ಮೈಕಿನ ಮುಂದೆ ನಿಂತ. ಹೆಂಡತಿ ಬರೆಸಿಕೊಟ್ಟಿದ್ದ ನಾಲ್ಕು ಸಾಲು ಜೇಬಿನಲ್ಲೇ ಉಳಿಯಿತು. ಅವನು ಫೋಟೊದ ಕಡೆ ತಿರುಗಿದ.

"ಆ ಮೇಜಿನ ಮೇಲಿರೋ ಕತ್ತರಿ ಅದಲ್ಲ" ಎಂದ.

ಸಭೆಗೆ ಅರ್ಥವಾಗಲಿಲ್ಲ.

"ಅದು ಬೇರೆ. ಕಾಲುವೆಯಾಚೆಯವರಿಗೆ ಅಂತ ಕೆಳಗಿನ ಖಾನೇಲಿ ನಾನು ಬೇರೆ ಕತ್ತರಿ ಇಟ್ಟಿದ್ದೆ. ಮೊಂಡು ಕತ್ತರಿ. ನಾನು ಯಾರನ್ನೂ ಕರೆದು ಕೂರಿಸ್ಲಿಲ್ಲ. ಇವನು ಹತ್ತೊಂಬತ್ತು ದಿನ ಕೂತು ನನ್ನ ಮಾನ ತೆಗೆದ, ಅದಕ್ಕೆ ಕೂರಿಸಿದೆ. ಕರೆದು ಕೂರಿಸಿದ ಅಂತ ಇವನೇ ಕತೆ ಕಟ್ಟಿದ್ದು. ನಾನು ಅದನ್ನ ತಿಂದ್ಕೊಂಡು ಬದುಕಿದೆ."

ಅಷ್ಟರಲ್ಲಿ ಅಧ್ಯಕ್ಷರು ಎದ್ದು ನಿಂತು ಅವನ ಹೆಗಲ ಮೇಲೆ ಕೈಯಿಟ್ಟರು. "ನೋಡಿ, ನೋಡಿ! ಎಂಥ ವಿನಯ! ಎಲ್ಲ ಶ್ರೇಯಸ್ಸನ್ನೂ ಅಗಲಿದ ಗೆಳೆಯನಿಗೇ ಕೊಡ್ತಿದ್ದಾರೆ!"

ಚಪ್ಪಾಳೆ ಬಿತ್ತು. ಬಿದ್ದದ್ದಷ್ಟೇ ಅಲ್ಲ, ಎದ್ದು ನಿಂತು ತಟ್ಟಿದರು. ನೆಲ ಬಿರಿದು ನುಂಗಬಾರದೇ ಎಂದು ಕೇಳಿಕೊಳ್ಳುವುದಕ್ಕೂ ಅವನಿಗೆ ಪುರುಸೊತ್ತಾಗಲಿಲ್ಲ. ಮೈಕನ್ನು ಎರಡೂ ಕೈಯಿಂದ ಹಿಡಿದುಕೊಂಡು ಕೂಗಿದ:

"ವಿನಯ ಅಲ್ರೀ! ಟವೆಲ್ಲೂ ಬೇರೆ ಇತ್ತು! ಬಕೆಟ್ ಬೇರೆ ಇತ್ತು, ಬಾಚಣಿಗೆ ಬೇರೆ ಇತ್ತು. ಹನ್ನೊಂದು ವರ್ಷ. ಇವನಿಗೆ ಗೊತ್ತಿತ್ತು. ಗೊತ್ತಿದ್ದು ತಾನೂ ಅದೇ ಕತ್ತರೀಲಿ ಮಾಡಿಸ್ಕೊಂಡ. ಅಲ್ಲಿ ನೋಡಿ, ಕಿವಿ ಮೇಲೆ. ಅದು ನಾನು ಮಾಡಿದ್ದು. ಟಪಾಲಣ್ಣ, ತಪ್ಪಾಯ್ತು ಕಣೋ!"

ಚಪ್ಪಾಳೆ ಅಲ್ಲಲ್ಲೇ ಉದುರಿತು. ಆರಡಿಯ ಕಿವಿಯನ್ನು ಎಲ್ಲರೂ ನೋಡಿದರು. ಅಧ್ಯಕ್ಷರು ಹೆಗಲ ಮೇಲಿನ ಕೈಯನ್ನು ಬಿಸಿ ಪಾತ್ರೆಯಿಂದ ತೆಗೆದಂತೆ ತೆಗೆದರು. ಬಕೆಟ್ಟಿನ ಮಾತು ಮುಂದುವರಿದರೆ ಯಾರ ತಲೆಗಾಗಿ ಎನ್ನುವ ಪ್ರಶ್ನೆ ಏಳುತ್ತದೆಂದು ಅವರಿಗೆ ತಕ್ಷಣ ಹೊಳೆದಿರಬೇಕು; "ಈಗ ಚಹಾ ವಿರಾಮ" ಎಂದು ಘೋಷಿಸಿದರು. ಕಾರ್ಯಕ್ರಮ ಪಟ್ಟಿಯಲ್ಲಿ ಚಹಾ ಇನ್ನೂ ಒಂದು ಗಂಟೆ ದೂರವಿತ್ತು.

ಕ್ಷೌರಿಕ ಹಿಂಬಾಗಿಲಿನಿಂದ ಸೈಕಲ್ ಸ್ಟ್ಯಾಂಡಿನ ಕಡೆ ಇಳಿದ. ಎದೆಯ ಮೇಲಿನ ಚಪ್ಪಡಿ ಜರುಗಿದ ಹಾಗೆ ಅನ್ನಿಸಿತ್ತು. ಉಸಿರು ಸಲೀಸಾಗಿ ಬರುತ್ತಿತ್ತು. ಅಲ್ಲಿ ಮೆಕ್ಯಾನಿಕ್ ಒಬ್ಬನೇ ನಿಂತಿದ್ದ, ಯಾರದೋ ಸೈಕಲ್ಲಿನ ಚೈನನ್ನು ಸುಮ್ಮನೆ ಮುಟ್ಟಿ ನೋಡುತ್ತ.

"ಹಗುರ ಆಯ್ತಾ ಅಣ್ಣ?" ಎಂದ.

ಕ್ಷೌರಿಕ ಹೌದೆನ್ನುವಂತೆ ತಲೆಯಾಡಿಸಿದ. ಆಡಿಸಿದ ಮೇಲೆ, ಆಡಿಸಬಾರದಿತ್ತು ಎಂದು ತಿಳಿಯಿತು.

"ನನ್ನ ಮಗಳು ಎಲ್ಲಿ ಕೂತಿದ್ಲು ನೋಡಿದ್ರಾ?"

"ಇಲ್ಲ."

"ನೀವು ಅಷ್ಟು ಹೊತ್ತೂ ಫೋಟೊ ನೋಡ್ತಿದ್ರಿ. ನಾನು ಎರಡನೇ ಸಾಲಲ್ಲಿ ಇದ್ದೆ."

"ನಿನಗೆ ಗೊತ್ತಿರಲಿಲ್ಲ ಅಂತ..."

"ಗೊತ್ತಿಲ್ದೆ ಏನಣ್ಣ? ಕನ್ನಡಿ ಎದುರಿಗೆ ಕೂರಿಸಿ ಕೆಂಪು ದಾರ ತೋರಿಸಿದ್ರೆ ಕುರುಡನಿಗೂ ಗೊತ್ತಾಗುತ್ತೆ. ಎರಡನೇ ಸಲಕ್ಕೇ, ಇನ್ನು ಹೋಗಲ್ಲ ಅಂತ ಟಪಾಲಣ್ಣನಿಗೆ ಹೇಳ್ದೆ. ಅವನಂದ, 'ನೀನು ಬಿಟ್ರೆ ಕುರ್ಚೀನೂ ಹೋಯ್ತು. ಹೋಗು. ನಾನೂ ಅದರಲ್ಲೇ ಮಾಡಿಸ್ಕೋತೀನಿ, ಇಬ್ಬರಿಗೂ ಒಂದೇ ನೋವಾಗ್ಲಿ.' ಸರಿ ಅಂತ ಹೋದೆ. ಹನ್ನೊಂದು ವರ್ಷ ಹೋದೆ."

ಅವನ ದನಿ ಏರಲಿಲ್ಲ. ಏರಿದ್ದರೆ ಕ್ಷೌರಿಕನಿಗೆ ಎಷ್ಟೋ ಸುಲಭವಾಗುತ್ತಿತ್ತು.

"ಮಗು ಹುಟ್ಟಿದ ಮೇಲೆ ಅವಳಿಗೆ ಏನು ಹೇಳ್ಲಿ? ಈ ಊರಲ್ಲಿ ನಿಮ್ಮಪ್ಪನ್ನ ಒಬ್ಬನಾದ್ರೂ ಕೈಹಿಡಿದು ಕರೆದ ಅಂತ ಹೇಳ್ದೆ. ಅದನ್ನ ಕೇಳ್ಕೊಂಡೇ ಅವಳು ತಲೆ ಎತ್ಕೊಂಡು ಈ ಶಾಲೆ ಗೇಟ್ ಒಳಗೆ ಬಂದಿದ್ದು. ಮೂವತ್ತು ವರ್ಷ ನಿಮ್ಮ ಮಾನ ನಾನು ಕಾದೆ ಅನ್ಕೋಬೇಡಿ. ನಂದು ಕಾದ್ಕೊಂಡೆ. ಇವತ್ತು ಎರಡನ್ನೂ ಸೇರಿಸಿ ಮೈಕಲ್ಲಿ ಹಾಕಿದ್ರಿ."

"ತಪ್ಪಾಯ್ತು" ಎಂದ ಕ್ಷೌರಿಕ.

"ಅದನ್ನ ಸತ್ತವನಿಗೆ ಹೇಳಾಯ್ತಲ್ಲ ಒಳಗೆ. ಅವನೇನು ತಿರುಗಿ ಕೇಳ್ತಾನಾ?"

ಸತ್ತವನ ಮುಂದೆ ನಾಚಿಕೆಪಡುವುದರಲ್ಲಿ ಒಂದು ಸೌಕರ್ಯವಿದೆ, ಆ ಸೌಕರ್ಯವನ್ನು ತಾನು ಈಗಷ್ಟೇ ಸಾವಿರ ಕಣ್ಣುಗಳ ಎದುರಿಗೆ ಅನುಭವಿಸಿ ಬಂದೆ ಎನ್ನುವುದು ಕ್ಷೌರಿಕನಿಗೆ ಗೊತ್ತಾಯಿತು. ಅಂಗಡಿಗೆ ಓಡಿಹೋಗಿ ಬಾಗಿಲು ಹಾಕಿಕೊಳ್ಳೋಣ ಎನ್ನಿಸಿತು. ಆದರೆ ಒಳಗೆ ಇನ್ನೊಬ್ಬಳಿದ್ದಳು.

"ನಾನು ಅವಳ ಹತ್ರ ಮಾತಾಡ್ತೀನಿ" ಎಂದ.

"ನನ್ನನ್ಯಾಕೆ ಕೇಳ್ತೀರಿ? ಮೈಕ್ ಹಿಡಿಯೋಕೆ ಮುಂಚೆ ಕೇಳಿದ್ರಾ?"

ಸಭಾಂಗಣ ಬರಿದಾಗಿತ್ತು, ಜನವೆಲ್ಲ ಹೊರಗೆ ಚಹಾದ ಲೋಟ ಹಿಡಿದು ಬಕೆಟ್ಟುಗಳ ವಿಚಾರದಲ್ಲಿ ಮುಳುಗಿತ್ತು. ಟೀಚರ್ ಮೇಜಿನ ಮುಂದೆ ನಿಂತಿದ್ದಳು. ಉಕ್ಕಿನ ಕತ್ತರಿಯನ್ನು ಕಾಗದದಲ್ಲಿ ಮತ್ತೆ ಸುತ್ತಿಟ್ಟಿದ್ದಳು. ಚೀಟಿಯನ್ನು ಹರಿದಿರಲಿಲ್ಲ, ಮಗುಚಿ ಇಟ್ಟಿದ್ದಳು.

"ನಿಮ್ಮ ಕತ್ತರಿ ತಗೊಳ್ಳಿ" ಎಂದಳು. ಮಾಮ ಎನ್ನಲಿಲ್ಲ.

"ನಿನಗೆ ಹೇಳಬೇಕಿತ್ತು. ನೀನು ಅಂಗಡಿಗೆ ಬಂದ ದಿನವೇ ಹೇಳಬೇಕಿತ್ತು, ತಾಯಿ. ಧೈರ್ಯ ಆಗ್ಲಿಲ್ಲ."

ಅವಳು ಅಳುತ್ತಾಳೆ ಅಥವಾ ಬೈಯುತ್ತಾಳೆ ಎಂದು ಅವನು ಕಾದ. ಅವಳು ಎರಡನ್ನೂ ಮಾಡದೆ ಕುರ್ಚಿ ಎಳೆದುಕೊಂಡು ಕೂತಳು, ಚೀಟಿಯ ಖಾಲಿ ಬೆನ್ನನ್ನು ಮುಂದಿಟ್ಟುಕೊಂಡಳು, ಕಿವಿಯ ಹಿಂದಿನ ಪೆನ್ನು ತೆಗೆದಳು. ಪರೀಕ್ಷೆಯಲ್ಲಿ ನಕಲು ಹೊಡೆದ ವಿದ್ಯಾರ್ಥಿಯನ್ನು ಮುಂದೆ ನಿಲ್ಲಿಸಿಕೊಂಡ ದನಿ.

"ಕೆಳಗಿನ ಖಾನೇಲಿ ಯಾರ್‍ಯಾರಿಗೆ ಮಾಡ್ತಿದ್ರಿ?"

"ಕಾಲುವೆಯಾಚೆಯವರಿಗೆ."

"ಅದು ಗೊತ್ತಾಯ್ತು. ಯಾರ್‍ಯಾರಿಗೆ?"

ಅವನಿಗೆ ಒಂದು ಹೆಸರೂ ಗೊತ್ತಿರಲಿಲ್ಲ. ಹನ್ನೊಂದು ವರ್ಷ ಅವರೆಲ್ಲ ಅವನಿಗೆ ಬರೀ 'ಬಾ', 'ಕೂತ್ಕೊ', 'ತಲೆ ಬಗ್ಗಿಸು'. ಊರು ಕೇರಿ ವಿಚಾರಿಸಿದವನಲ್ಲ. ಮೇಲಿನ ಖಾನೆಯವರ ಮನೆಯ ಬೆಕ್ಕು ಮರಿ ಹಾಕಿದ್ದೂ ಅವನಿಗೆ ಗೊತ್ತಿರುತ್ತಿತ್ತು. ಅವನು ಕಣ್ಣು ಮುಚ್ಚಿದ. ಮುಖಗಳು ಬರಲಿಲ್ಲ, ತಲೆಗಳು ಬಂದವು.

"ನೆತ್ತಿ ಮೇಲೆ ಎರಡು ಸುಳಿ ಇದ್ದವನು ಒಬ್ಬ. ಕೂದಲು ಎಷ್ಟು ಒರಟು ಅಂದ್ರೆ, ಕತ್ತರಿ ಅರ್ಧಕ್ಕೇ ನಿಲ್ಲುತ್ತಿತ್ತು. ಮುದುಕ."

ಅವಳು ಬರೆಯಲಿಲ್ಲ. ಎರಡು ಸುಳಿ ಎಂದರೆ ಯಾರೆಂದು ಅವಳಿಗೂ ಗೊತ್ತಿರಲಿಲ್ಲ.

"ಅದು ನಿನ್ನ ಅಜ್ಜ ಕಣೇ" ಎಂಬ ಮಾತು ಬಾಗಿಲಿನಿಂದ ಬಂತು. ಮೆಕ್ಯಾನಿಕ್ ಒಳಗೆ ಬರದೆ ಹೊಸ್ತಿಲ ಹತ್ತಿರವೇ ನಿಂತಿದ್ದ.

ಅವಳು ಬರೆದುಕೊಂಡಳು.

"ಇನ್ನೊಬ್ಬನಿಗೆ ಒಂದು ಕಿವಿ ಸುಟ್ಟು ಮುದುಡಿತ್ತು" ಎಂದ ಕ್ಷೌರಿಕ.

"ಇಟ್ಟಿಗೆ ಗೂಡಿನವನು. ಹೋಗ್ಬಿಟ್ಟ, ಎಂಟು ವರ್ಷ ಆಯ್ತು."

"ಒಬ್ಬ ಹುಡುಗ, ತಲೇಲಿ ಹುಳುಕಡ್ಡಿ. ಅವನಿಗೆ ನಾನು... ಟವೆಲ್ ಕೂಡ ಹಾಕ್ತಿರಲಿಲ್ಲ."

"ನನ್ನ ತಮ್ಮ" ಎಂದ ಮೆಕ್ಯಾನಿಕ್. ಮಗಳ ಕಡೆ ತಿರುಗಿ, "ನಿನ್ನ ಚಿಕ್ಕಪ್ಪ. ಈಗ ಬೋಳಿಸ್ಕೊಂಡೇ ಇರ್ತಾನಲ್ಲ, ಯಾರ ಕೈಗೂ ತಲೆ ಕೊಡಲ್ಲ."

ಚೀಟಿಯ ಬೆನ್ನು ತುಂಬಿತು. ಅವಳು ಟಪಾಲಣ್ಣನ ಅರ್ಜಿಯ ಕಟ್ಟಿನಿಂದ ಒಂದು ಖಾಲಿ ಹಾಳೆ ಎಳೆದುಕೊಂಡಳು. ಹೊರಗೆ ಅಧ್ಯಕ್ಷರು ಎರಡನೆಯ ಭಾಗ ಶುರುವಾಗುತ್ತದೆಂದು ಕೂಗುತ್ತಿದ್ದರು. ಯಾರೂ ಒಳಗೆ ಬರುವ ಲಕ್ಷಣವಿರಲಿಲ್ಲ. ಕ್ಷೌರಿಕ ನಿಂತೇ ಇದ್ದ. ಕೂರಿ ಎಂದು ಯಾರೂ ಹೇಳಲಿಲ್ಲ, ಅವನಿಗೂ ಕೂರಬಹುದು ಅನ್ನಿಸಲಿಲ್ಲ. ಒಂದೊಂದೇ ತಲೆ ಹೇಳಿದ, ಒಬ್ಬೊಬ್ಬ ಮನುಷ್ಯನ ಗುರುತು ಬಾಗಿಲಿನಿಂದ ಬಂತು. ಹದಿನೇಳು ಆದವು.

"ಅಪ್ಪನ ತಲೆ?" ಎಂದಳು ಟೀಚರ್, ಹಾಳೆಯಿಂದ ಕಣ್ಣೆತ್ತದೆ.

ಅವನಿಗೆ ಅದೂ ಗೊತ್ತಿತ್ತು, ಎಲ್ಲಕ್ಕಿಂತ ಚೆನ್ನಾಗಿ ಗೊತ್ತಿತ್ತು. "ದಟ್ಟ ಕೂದಲು. ಒಳ್ಳೇ ಕೂದಲು. ಎಡಗಿವಿ ಹಿಂದೆ ಒಂದು ಗಾಯದ ಗುರುತು, ಅಲ್ಲಿ ಮಾತ್ರ ಬೆಳೆಯಲ್ಲ."

"ಅದು ಸೈಕಲ್‌ನಿಂದ ಬಿದ್ದಿದ್ದು" ಎಂದಳು ಅವಳು, ಬರೆಯುತ್ತಲೇ.

ಕ್ಷೌರಿಕ ಬಾಗಿಲಿನ ಕಡೆ ತಿರುಗಿದ. ಈ ಸಲ ಮುಖವನ್ನೇ ನೋಡಿದ. ಮೆಕ್ಯಾನಿಕ್‌ನ ಕೈ ತನಗೆ ತಿಳಿಯದೆಯೇ ಕಿವಿಯ ಹಿಂದೆ ಹೋಗಿತ್ತು. ಅವನು ಬೇಡ ಎನ್ನಲಿಲ್ಲ, ಹೂಂ ಎನ್ನಲೂ ಇಲ್ಲ. ಕ್ಷೌರಿಕ ಕಾದ. ಹೇಳಬೇಕೋ ಬೇಡವೋ ಎಂದು ಒಬ್ಬ ಮನುಷ್ಯನ ಅಪ್ಪಣೆಗೆ ಅವನು ಕಾದದ್ದು ಜೀವಮಾನದಲ್ಲಿ ಅದೇ ಮೊದಲು, ಮತ್ತು ಕಾಯುವುದು ಎಷ್ಟು ಉದ್ದ ಎಂಬುದು ಅವನಿಗೆ ಗೊತ್ತಿರಲಿಲ್ಲ.

ಟೀಚರ್ ಪೆನ್ನು ನಿಲ್ಲಿಸಿ ತಲೆಯೆತ್ತಿದಳು. ಒಬ್ಬರನ್ನು ನೋಡಿದಳು, ಇನ್ನೊಬ್ಬರನ್ನು ನೋಡಿದಳು.

"ಸೈಕಲ್ ಅಲ್ವಾ ಅಪ್ಪ?"

ಮೆಕ್ಯಾನಿಕ್ ಕೈಯನ್ನು ಕೆಳಗಿಳಿಸಿದ. ಹೊಸ್ತಿಲು ದಾಟಿ ಒಳಗೆ ಬಂದು, ಮಗಳ ಪಕ್ಕದ ಕುರ್ಚಿಯನ್ನು ತಾನೇ ಎಳೆದುಕೊಂಡು ಕೂತ.

"ಅವರೇ ಹೇಳ್ತಾರೆ" ಎಂದ. "ನೀನು ಬರ್ಕೊ."